ರಾತ್ರಿ ಲ್ಯಾಂಡಿಂಗ್: ರನ್‌ವೇ ಕಣ್ಣೆದುರೇ ಇದ್ದರೂ ವಿಮಾನ ಅದಕ್ಕಿಂತ ಮೊದಲೇ ನೆಲಕ್ಕೆ ಬೀಳೋದು ಯಾಕೆ?

ಹೊಸರೆಕ್ಕೆ · ಸೋಮವಾರ ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ನನ್ನ ಲಾಗ್‌ಬುಕ್ಕಿನಲ್ಲಿ ಈಗ 94 ಗಂಟೆ ಇದೆ, ಅದರಲ್ಲಿ ರಾತ್ರಿ ಹಾರಾಟ ಬರೀ 6. ಹೋದ ವಾರ ಆದದ್ದನ್ನು ಇಲ್ಲಿ ಹೇಳಿಕೊಳ್ಳದೆ ನಿದ್ದೆ ಬರ್ತಿಲ್ಲ.

ಸೆಸ್ನಾ 172. ಚಂದ್ರ ಇಲ್ಲದ ರಾತ್ರಿ. ಗಾಳಿ ಇಲ್ಲ, ಮೋಡ ಇಲ್ಲ, ಹತ್ತು ಮೈಲಿ ಆಚೆಯಿಂದಲೇ ರನ್‌ವೇ ದೀಪಗಳು ಸ್ಪಷ್ಟವಾಗಿ ಕಾಣ್ತಿದ್ವು. ಆ ಕಡೆಯಿಂದ ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ದಾರಿಗೆ, ಬಂದರೆ ಕೆಳಗೆ ಮೊದಲು ನೀರು, ಆಮೇಲೆ ಕಾಡು. ಒಂದು ಮನೆಯ ದೀಪವೂ ಇಲ್ಲ. ಬರ್ತಾ ಬರ್ತಾ ಎತ್ತರ ಜಾಸ್ತಿಯಾಯ್ತು ಅನ್ನಿಸ್ತು, ಪವರ್ ತೆಗೆದೆ. ಇನ್ನೂ ಜಾಸ್ತಿ ಅನ್ನಿಸ್ತು, ಇನ್ನಷ್ಟು ತೆಗೆದೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಒಂದು ಮಾತೂ ಆಡದೆ, ಥ್ರಾಟಲ್ ಮೇಲಿದ್ದ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಪೂರ್ತಿ ಒಳಕ್ಕೆ ತಳ್ಳಿದರು. ವಿಮಾನ ಮೂತಿ ಎತ್ತುವಾಗ ಲ್ಯಾಂಡಿಂಗ್ ಲೈಟಿನ ಬೆಳಕಿನಲ್ಲಿ ಒಂದು ಮರದ ತುದಿ ಕಂಡಿತು. ಹಸಿರಲ್ಲ, ಸುಣ್ಣ ಬಳಿದ ಹಾಗೆ ಬೆಳ್ಳಗೆ. ಎಲೆಗಳು ಬಿಡಿಬಿಡಿಯಾಗಿ ಕಾಣುವಷ್ಟು ಹತ್ತಿರ. ಅದು ನಮ್ಮ ಕೆಳಗೆ ಸರಿದು ಹೋಯ್ತು.

ಇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಾಪಿ ಏನು ತೋರಿಸ್ತಿತ್ತು?" ನನಗೆ ನೆನಪೇ ಇಲ್ಲ. ನಾಲ್ಕೂ ಕೆಂಪಾಗಿತ್ತಂತೆ. ನನ್ನ ಕಣ್ಣು ಸರಿಯಿದೆ, ಮೆಡಿಕಲ್ ಪಾಸಾಗಿದೆ, ರನ್‌ವೇ ಕಾಣ್ತಾನೇ ಇತ್ತು. ಆದರೂ ಕೆಳಗಿದ್ದವನಿಗೆ ಮೇಲಿದ್ದೀನಿ ಅನ್ನಿಸಿದ್ದು ಹೇಗೆ?

ಹಳೇಮ್ಯಾಗ್ನೆಟೊ · ಸೋಮವಾರ ರಾತ್ರಿ 11:48

ತಮ್ಮಾ, ಮೊದಲು ನಿನ್ನ ಇನ್‌ಸ್ಟ್ರಕ್ಟರ್‌ಗೆ ಒಂದು ನಮಸ್ಕಾರ ಹಾಕು. ಮಾತಾಡುತ್ತಾ ಕೂತಿದ್ದರೆ ಆ ಎರಡು ಸೆಕೆಂಡೂ ಹೋಗಿರೋದು.

ನೀನು ಬಿದ್ದದ್ದು ಬಹಳ ಹಳೆಯ ಗುಂಡಿ. ಅದಕ್ಕೆ ಬ್ಲ್ಯಾಕ್ ಹೋಲ್ ಅಪ್ರೋಚ್ ಅಂತಾರೆ; ಅಪ್ರೋಚ್ ಅಂದರೆ ಇಳಿಯೋಕೆ ರನ್‌ವೇ ಕಡೆ ಬರೋದು. ಹಗಲಲ್ಲಿ ನಾವು ಎತ್ತರವನ್ನು ಅಂದಾಜು ಮಾಡೋದು ರನ್‌ವೇ ನೋಡಿ ಮಾತ್ರ ಅಲ್ಲ. ಮುಂದಿನ ಹೊಲ, ರಸ್ತೆ, ಮರದ ಗಾತ್ರ, ನೆಲ ಕೆಳಗೆ ಓಡುವ ವೇಗ, ಇದೆಲ್ಲ ನಮಗೆ ಗೊತ್ತಿಲ್ಲದ ಹಾಗೇ ಲೆಕ್ಕಕ್ಕೆ ಬರುತ್ತೆ. ಕತ್ತಲೆಯಲ್ಲಿ ಅದೆಲ್ಲ ಅಳಿಸಿಹೋಗಿ ಉಳಿಯೋದು ಕಪ್ಪಿನ ನಡುವೆ ತೇಲುತ್ತಿರುವ ಎರಡು ಸಾಲು ದೀಪ. ಅದರ ಆಕಾರ ಒಂದನ್ನೇ ಹಿಡಿದು ಮಿದುಳು ಎತ್ತರ ಊಹಿಸುತ್ತೆ. ರನ್‌ವೇಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಿಗೆ ಒಂದು ಕೋನ ಕಟ್ಟುತ್ತಲ್ಲ, ಹತ್ತಿರ ಬಂದ ಹಾಗೆ ಅದು ಸಹಜವಾಗಿಯೇ ದೊಡ್ಡದಾಗಬೇಕು. ಅದು ದೊಡ್ಡದಾಗ್ತಿದೆ ಅಂದರೆ ಎತ್ತರ ಜಾಸ್ತಿ ಅಂತ ತಿಳಿದು, ಆ ಕೋನವನ್ನು ಹಾಗೇ ಹಿಡಿದಿಡೋಕೆ ನಾವು ಕೆಳಗಿಳೀತಾ ಹೋಗ್ತೀವಿ. ಆಗ ದಾರಿ ನೇರ ಗೆರೆಯಾಗಿ ಉಳಿಯೋಲ್ಲ. ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದ ಹಾಗೆ ಬಾಗುತ್ತೆ. ಹಗ್ಗದ ಆ ತುದಿ ರನ್‌ವೇಯಲ್ಲೇ ಇರುತ್ತೆ ನಿಜ, ಆದರೆ ನಡುವಿನ ಜೋಲು ಮರಕ್ಕೋ ನೀರಿಗೋ ತಾಗುತ್ತೆ.

1965ರ ಆಗಸ್ಟ್‌ನಿಂದ 1966ರ ಫೆಬ್ರವರಿವರೆಗೆ, ಆರೇ ತಿಂಗಳಲ್ಲಿ ನಾಲ್ಕು ಬೋಯಿಂಗ್ 727ಗಳು ಇಳಿಯುವ ಹೊತ್ತಿನಲ್ಲಿ ಅಪಘಾತಕ್ಕೀಡಾದವು: ಮಿಷಿಗನ್ ಸರೋವರ, ಸಿನ್ಸಿನಾಟಿ, ಸಾಲ್ಟ್ ಲೇಕ್ ಸಿಟಿ, ಟೋಕಿಯೊ ಕೊಲ್ಲಿ. ಒಂದೊಂದರ ಕಾರಣ ಒಂದೊಂದು, ಎಲ್ಲವನ್ನೂ ಈ ಭ್ರಮೆಯ ತಲೆಗೆ ಕಟ್ಟೋಕಾಗಲ್ಲ. ಆದರೆ ರಾತ್ರಿ ಕಣ್ಣಿನಿಂದ ಮಾಡುವ ಅಪ್ರೋಚ್ ಎಷ್ಟು ನಂಬಿಕೆಗೆ ಅರ್ಹ ಅನ್ನೋ ಪ್ರಶ್ನೆ ಆಗ ಜೋರಾಗಿ ಎದ್ದಿತು. ಬೋಯಿಂಗ್‌ನಲ್ಲಿದ್ದ ಕಾನ್ರಾಡ್ ಕ್ರಾಫ್ಟ್ ಅನ್ನೋ ಮನಶ್ಶಾಸ್ತ್ರಜ್ಞ, ನುರಿತ ಪೈಲಟ್‌ಗಳನ್ನೇ ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಎತ್ತರ ತೋರಿಸುವ ಆಲ್ಟಿಮೀಟರ್ ಕಾಣದ ಹಾಗೆ ಮಾಡಿ, ಕತ್ತಲ ನೆಲದ ಮೇಲಿಂದ ದೀಪದ ಊರಿನ ಕಡೆ ಇಳಿಸಿದರು. ಬಹುತೇಕರು ಇರಬೇಕಾದ್ದಕ್ಕಿಂತ ಎಷ್ಟೋ ಕೆಳಗೆ ಹಾರಿದರು. ಸಾವಿರಾರು ಗಂಟೆ ಹಾರಿದವರು ಅವರು. ನಿನ್ನದು 94 ಗಂಟೆ. ಹಾಗಾಗಿ ನಾಚಿಕೆ ಪಡುವ ಮಾತೇ ಇಲ್ಲ.

ಸುಮ್ನೆಓದುವವ · ಮಂಗಳವಾರ ಬೆಳಗ್ಗೆ 7:02

ನಾನು ವಿಮಾನ ಹತ್ತಿದ್ದು ಟಿಕೆಟ್ ತಗೊಂಡು ಮಾತ್ರ. ಒಂದು ಸಣ್ಣ ಡೌಟು. ಈ "ಪಾಪಿ" ಯಾರು? ನಾಲ್ಕೂ ಕೆಂಪು ಅಂದ್ರೆ ಏನ್ ಪಾಪ ಮಾಡಿದ್ದ?

ಗೋಪುರದಲ್ಲಿದ್ದೆ · ಮಂಗಳವಾರ ಬೆಳಗ್ಗೆ 8:15

ಹ್ಹಹ್ಹ. ಪಾಪಿ ಅನ್ನೋದು ರನ್‌ವೇ ಪಕ್ಕದಲ್ಲಿ, ಸಾಮಾನ್ಯವಾಗಿ ಎಡಗಡೆ, ಅಡ್ಡಸಾಲಾಗಿ ಕೂರಿಸಿರುವ ನಾಲ್ಕು ದೀಪದ ಪೆಟ್ಟಿಗೆ. ಪ್ರತಿ ಪೆಟ್ಟಿಗೆಯೂ ಮೇಲಿನಿಂದ ನೋಡಿದರೆ ಬಿಳಿ, ಕೆಳಗಿನಿಂದ ನೋಡಿದರೆ ಕೆಂಪು. ನಾಲ್ಕನ್ನೂ ಬೇರೆ ಬೇರೆ ಕೋನಕ್ಕೆ ಓರೆ ಮಾಡಿರ್ತಾರೆ. ಎರಡು ಬಿಳಿ ಎರಡು ಕೆಂಪು ಕಂಡರೆ ನೀವು ಸರಿಯಾದ ಇಳಿಜಾರಿನಲ್ಲಿದ್ದೀರಿ, ಸಾಮಾನ್ಯವಾಗಿ ಅದು 3 ಡಿಗ್ರಿ. ನಾಲ್ಕೂ ಬಿಳಿ ಅಂದರೆ ತೀರಾ ಮೇಲೆ, ನಾಲ್ಕೂ ಕೆಂಪು ಅಂದರೆ ತೀರಾ ಕೆಳಗೆ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತಾರಲ್ಲ, ಈ ಪಾಪಿಯನ್ನು ನೋಡದೆ ಸಮುದ್ರದ ಮೇಲಿಂದ ಬಂದವರಿಗೆ ಮಾತ್ರ ಮೊಣಕಾಲುದ್ದದಲ್ಲಿ ನಿಲ್ಲೋಲ್ಲ.

ಹೊಸರೆಕ್ಕೆಯವರೇ, ಎಷ್ಟೋ ವರ್ಷ ಗೋಪುರದಲ್ಲಿ ಕೂತು ನೋಡಿದವನು ನಾನು. ಕೆಳಗೆ ಬರ್ತಿರುವ ಸಣ್ಣ ವಿಮಾನ ರಾತ್ರಿ ನಮಗೆ ಒಂದು ಚುಕ್ಕಿ ಬೆಳಕು ಅಷ್ಟೇ. ಅದು ಮೇಲಿದೆಯೋ ಕೆಳಗಿದೆಯೋ ನಮಗೂ ಗೊತ್ತಾಗಲ್ಲ. ಗೋಪುರದವರು ನೋಡಿಕೊಳ್ತಾರೆ ಅನ್ನೋ ಧೈರ್ಯ ಇಟ್ಕೋಬೇಡಿ.

ಗೋಪುರವೇ ಇಲ್ಲದ ಕಡೆ ಇನ್ನೊಂದು ತಮಾಷೆ ಇದೆ. ಅಮೆರಿಕದ ಎಷ್ಟೋ ಸಣ್ಣ ಏರ್‌ಫೀಲ್ಡ್‌ಗಳಲ್ಲಿ ರನ್‌ವೇ ದೀಪವನ್ನು ಪೈಲಟ್ಟೇ ಹೊತ್ತಿಸಬೇಕು. ಮೈಕಿನ ಬಟನ್ನನ್ನು ಐದು ಸೆಕೆಂಡಿನೊಳಗೆ 7 ಸಲ ಒತ್ತಿದರೆ ಪೂರ್ತಿ ಬೆಳಕು, 5 ಸಲಕ್ಕೆ ಮಧ್ಯಮ, 3 ಸಲಕ್ಕೆ ಮಂದ. ಹೊತ್ತಿದ ದೀಪ 15 ನಿಮಿಷ ಇರುತ್ತೆ. ದೂರದಿಂದಲೇ ಒತ್ತಿ, ಆರಾಮಾಗಿ ಸುತ್ತು ಹಾಕಿ ಬಂದು, ನೆಲಕ್ಕೆ ಇನ್ನೂರು ಅಡಿ ಇದ್ದಾಗ ಆ 15 ನಿಮಿಷ ಮುಗಿದರೆ? ಇಡೀ ರನ್‌ವೇ ಕಣ್ಣೆದುರೇ ಮಾಯ. ಫೈನಲ್‌ಗೆ ತಿರುಗಿದ ತಕ್ಷಣ ಮತ್ತೊಮ್ಮೆ ಒತ್ತಿ ಅಂತ ಅನುಭವಿಗಳು ಹೇಳೋದು ಅದಕ್ಕೇ.

ಕಣ್ಣುಡಾಕ್ಟರ್ · ಮಂಗಳವಾರ ಮಧ್ಯಾಹ್ನ 1:30

ಮೆಡಿಕಲ್ ಪಾಸಾಗಿದೆ ಅಂದಿರಿ. ಅದು ಬೆಳಕಿರುವ ಕೋಣೆಯಲ್ಲಿ ಅಕ್ಷರ ಓದಿ ಪಾಸಾದದ್ದು. ಕತ್ತಲೆಯಲ್ಲಿ ನೀವು ಬಳಸುವ ಕಣ್ಣು ಬೇರೆಯೇ ಅನ್ನಬಹುದು.

ರೆಟಿನಾದ ನಟ್ಟನಡುವೆ ಬರೀ ಶಂಕುಕೋಶಗಳು. ಬಣ್ಣ, ಸೂಕ್ಷ್ಮ ವಿವರ ಎಲ್ಲ ಅವುಗಳ ಕೆಲಸ, ಆದರೆ ಮಂದ ಬೆಳಕಿನಲ್ಲಿ ಅವು ಕೈಕೊಡುತ್ತವೆ. ಇರುಳಿಗೆ ಬೇಕಾದ ದಂಡಕೋಶಗಳು ಇರೋದು ಸುತ್ತಲಿನ ಭಾಗದಲ್ಲಿ. ಹಾಗಾಗಿ ಮಂದ ವಸ್ತುವೊಂದನ್ನು ನೆಟ್ಟ ದೃಷ್ಟಿಯಿಂದ ನೋಡಿದರೆ ಅದು ಮಾಯವಾಗುತ್ತೆ, ಐದು ಹತ್ತು ಡಿಗ್ರಿ ಪಕ್ಕಕ್ಕೆ ನೋಡಿದರೆ ಕಾಣುತ್ತೆ. ಇವತ್ತು ರಾತ್ರಿ ಒಂದು ಮಸುಕಾದ ನಕ್ಷತ್ರ ಹಿಡಿದು ಪರೀಕ್ಷೆ ಮಾಡಿ ನೋಡಿ.

ದಂಡಕೋಶಗಳು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳೋಕೆ ಸುಮಾರು 30 ನಿಮಿಷ ಬೇಕು. ಕಾಕ್‌ಪಿಟ್‌ನಲ್ಲಿ ಯಾರಾದರೂ ಮೊಬೈಲ್ ತೆರೆದರೆ ಆ ಅರ್ಧ ಗಂಟೆಯ ಗಳಿಕೆ ಒಂದೇ ಕ್ಷಣದಲ್ಲಿ ಖಲಾಸ್. ದಂಡಕೋಶಗಳಿಗೆ ಆಮ್ಲಜನಕದ ಹಸಿವೂ ಜಾಸ್ತಿ. ಅದಕ್ಕೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ರಾತ್ರಿ ಹಾರಾಟದಲ್ಲಿ 5,000 ಅಡಿ ಮೇಲೆಯೇ ಆಮ್ಲಜನಕ ಬಳಸಿ ಅಂತ ಸಲಹೆ ಕೊಡುತ್ತೆ. ಸಿಗರೇಟು ಸೇದುವವರ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಮೊದಲೇ ಜಾಗ ಹಿಡಿದಿರುತ್ತೆ, ಹಾಗಾಗಿ ಅವರು ನೆಲದ ಮೇಲೆ ಇರುವಾಗಲೇ ಸ್ವಲ್ಪ ಎತ್ತರದಲ್ಲಿದ್ದ ಹಾಗೆ. ಇದನ್ನು ಹೇಳಿದಾಗಲೆಲ್ಲ ಸೇದುವವರು ನನ್ನ ಮೇಲೆ ಸಿಟ್ಟಾಗ್ತಾರೆ.

ಪರದೆನಂಬಿದವ · ಮಂಗಳವಾರ ಸಂಜೆ 6:20

ಇದೆಲ್ಲ 1960ರ ಕಥೆ ಬಿಡ್ರೀ. ಈಗ ಸಣ್ಣ ವಿಮಾನದಲ್ಲೂ ಜಿಪಿಎಸ್ ಇದೆ, ಇಳಿಜಾರು ತೋರಿಸುವ ಗೆರೆ ಪರದೆಯಲ್ಲೇ ಬರುತ್ತೆ, ನೆಲ ಹತ್ತಿರವಾದರೆ ಕೂಗಿ ಹೇಳುತ್ತೆ. ಕಣ್ಣನ್ನು ನಂಬೋ ಅಗತ್ಯವೇ ಇಲ್ಲ. ನನ್ನ ಪ್ರಕಾರ ಇದು ಹಳೇ ವಿಮಾನ ಇಟ್ಟುಕೊಂಡವರ ಗೋಳು.

ಹಳೇಮ್ಯಾಗ್ನೆಟೊ · ಮಂಗಳವಾರ ಸಂಜೆ 7:05

ಪರದೆ ಇದ್ದರೆ ಒಳ್ಳೆಯದು, ನಾನೂ ಬಳಸ್ತೀನಿ. ಆದರೆ 2022ರ ನವೆಂಬರ್ 27ರ ರಾತ್ರಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಆದದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಒಂದೇ ಇಂಜಿನ್ನಿನ ಮೂನಿ ವಿಮಾನ, ಕತ್ತಲೆ, ಮಂಜು. ಮಾಂಟ್ಗೊಮೆರಿ ಕೌಂಟಿಯ ಏರ್‌ಪಾರ್ಕಿಗೆ ಜಿಪಿಎಸ್ ಅಪ್ರೋಚ್‌ನಲ್ಲೇ ಬರ್ತಿತ್ತು. ಆ ಹಂತದಲ್ಲಿ ಇರಬೇಕಾದ ಎತ್ತರಕ್ಕಿಂತ ಕೆಳಗಿಳಿದು ಹೈಟೆನ್ಷನ್ ಲೈನಿನ ಗೋಪುರಕ್ಕೆ ಹೋಗಿ ಸಿಕ್ಕಿಹಾಕಿಕೊಂಡಿತು. ಬೀಳಲಿಲ್ಲ! ನೆಲದಿಂದ ಸುಮಾರು ನೂರು ಅಡಿ ಮೇಲೆ, ಬಲೆಗೆ ಸಿಕ್ಕ ಹಕ್ಕಿಯ ಹಾಗೆ, ಒಳಗಿದ್ದ ಇಬ್ಬರೂ ಗಂಟೆಗಟ್ಟಲೆ ನೇತಾಡಿದರು. ವಿದ್ಯುತ್ ತೆಗೆದು, ತಂತಿಗಳಿಗೆ ಅರ್ತಿಂಗ್ ಮಾಡಿ, ವಿಮಾನವನ್ನು ಗೋಪುರಕ್ಕೆ ಬಿಗಿದು ಕಟ್ಟಿದ ಮೇಲೇ ಅವರನ್ನು ಇಳಿಸೋಕಾದದ್ದು. ಇಬ್ಬರೂ ಬದುಕಿದರು. ಇಡೀ ಪ್ರದೇಶ ಕತ್ತಲಲ್ಲಿ ಮುಳುಗಿತ್ತು.

ಪರದೆಯೂ ಕಣ್ಣಿನಿಂದಲೇ ಓದಬೇಕಾದ ವಸ್ತು, ಮಾರಾಯ್ರೆ. ಓದಿದ ಮೇಲೆ ಅದು ಹೇಳಿದ ಹಾಗೆ ಕೈ ನಡೆಯಬೇಕು. ಹೊಸರೆಕ್ಕೆಯ ಎದುರು ನಾಲ್ಕು ಕೆಂಪು ದೀಪ ಉರೀತಾನೇ ಇದ್ವಲ್ಲ.

ಪರದೆನಂಬಿದವ · ಮಂಗಳವಾರ ಸಂಜೆ 7:20

ಸರಿ ಸರ್, ಆ ಮಾತು ಒಪ್ಪಿದೆ. ಆದರೂ ಪರದೆ ಇಲ್ಲದೆ ರಾತ್ರಿ ಹಾರೋಲ್ಲ ನಾನು.

ಗೋಪುರದಲ್ಲಿದ್ದೆ · ಮಂಗಳವಾರ ಸಂಜೆ 7:41

ಅದೂ ಸರಿಯೇ. ದೊಡ್ಡವರೂ ಎಡವುತ್ತಾರೆ ಅನ್ನೋದಕ್ಕೆ ಇನ್ನೊಂದು. 2017ರ ಜುಲೈ 7ರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೊ. ಅಕ್ಕಪಕ್ಕದ ಎರಡು ರನ್‌ವೇಗಳಲ್ಲಿ ಒಂದನ್ನು ಮುಚ್ಚಿ ದೀಪ ಆರಿಸಿದ್ದರು. ಏರ್ ಕೆನಡಾದ ಎ320 ಪೈಲಟ್‌ಗಳು ಎರಡು ಸಾಲು ದೀಪ ಇರಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಬಂದರು, ಎರಡು ಸಾಲು ಕಂಡಿತು. ಆದರೆ ಬಲಗಡೆಯದು ಟ್ಯಾಕ್ಸಿವೇ, ವಿಮಾನಗಳು ನೆಲದ ಮೇಲೆ ಓಡಾಡುವ ದಾರಿ. ಅದರ ಮೇಲೆ ಟೇಕಾಫ್‌ಗೆ ಕಾದು ನಿಂತಿದ್ದ ನಾಲ್ಕು ವಿಮಾನಗಳು. ಸುಮಾರು 60 ಅಡಿ ಎತ್ತರಕ್ಕೆ ಇಳಿದು, ಕೊನೇ ಗಳಿಗೆಯಲ್ಲಿ ಗೋ-ಅರೌಂಡ್ ಮಾಡಿತು, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಿತು.

ಪಾನಾಹಿಡಿದವ · ಮಂಗಳವಾರ ರಾತ್ರಿ 9:55

ಪೈಲಟ್‌ಗಳೇ, ಹ್ಯಾಂಗರ್‌ನವನದೂ ಸ್ವಲ್ಪ ಕೇಳಿ. ಮರದ ತುದಿ ಕಂಡಿತಲ್ಲ, ಅದನ್ನು ತೋರಿಸಿದ ಬಲ್ಬಿನ ಬಗ್ಗೆ ಯಾರೂ ಮಾತಾಡ್ತಿಲ್ಲ.

ಹಳೇ ಸೆಸ್ನಾಗಳಲ್ಲಿ ಹಾಕ್ತಿದ್ದ 4509 ನಂಬರಿನ ಸೀಲ್ಡ್ ಬೀಮ್ ಲೈಟಿನ ಆಯಸ್ಸು ಕಾಗದದ ಮೇಲೇ 25 ಗಂಟೆ. ನಡುಕಕ್ಕೆ ಅದಕ್ಕೂ ಮುಂಚೆ ಹೋಗೋದುಂಟು. ಮೂತಿಯ ಕೆಳಗಿನ ಕೌಲಿಂಗ್‌ನಲ್ಲಿ (ಇಂಜಿನ್ ಮುಚ್ಚಳ) ಕೂರಿಸಿದ್ದರೆ ಇಂಜಿನ್ನಿನ ಅಲುಗಾಟ ಪೂರ್ತಿ ಅದಕ್ಕೇ. ಹಗಲು ಸರ್ಕ್ಯೂಟ್‌ನಲ್ಲಿ (ಇಳಿಯೋ ಮುಂಚೆ ರನ್‌ವೇ ಸುತ್ತ ಹಾಕುವ ಸುತ್ತು) ಲೈಟು ಹಾಕಿಕೊಂಡೇ ಹಾರ್ತೀರಿ, ಅಲ್ಲೇ ಅದರ ಜೀವ ಮುಗಿದಿರುತ್ತೆ. ರಾತ್ರಿ ಫೈನಲ್‌ನಲ್ಲಿ ಸ್ವಿಚ್ ಒತ್ತಿದಾಗ ಕತ್ತಲೆ. ಈಗ ಎಲ್‌ಇಡಿ ಬಂದ ಮೇಲೆ ಈ ಕಾಟ ಬಹಳ ಇಳಿದಿದೆ. ಹಳೇದು ಹಾಕಿಕೊಂಡಿದ್ದರೆ ಹೊರಡೋ ಮುಂಚೆ ಸ್ವಿಚ್ ಹಾಕಿ, ಇಳಿದು ಹೋಗಿ ಕಣ್ಣಾರೆ ನೋಡಿ ಬನ್ನಿ. ಕುರ್ಚಿಯಲ್ಲಿ ಕೂತು ಮೀಟರ್ ಮುಳ್ಳು ಅಲುಗಾಡ್ತು, ಹತ್ತಿರಬೇಕು ಅಂತ ಊಹೆ ಮಾಡೋದಲ್ಲ. ಟಾರ್ಚ್ ಎರಡಿರಲಿ. ಒಂದು ಕಾಲ ಕೆಳಗೆ ಉರುಳಿ ಹೋಗೇ ಹೋಗುತ್ತೆ.

ಸುಮ್ನೆಓದುವವ · ಮಂಗಳವಾರ ರಾತ್ರಿ 10:12

ರಾತ್ರಿ ಇಂಜಿನ್ ನಿಂತು ಹೋದರೆ ಏನು ಗತಿ?

ಪಾನಾಹಿಡಿದವ · ಮಂಗಳವಾರ ರಾತ್ರಿ 10:15

ಪೈಲಟ್‌ಗಳ ಹಳೇ ಜೋಕು ಇದೆಯಲ್ಲ: ನೆಲ ಹತ್ತಿರ ಬಂದಾಗ ಲ್ಯಾಂಡಿಂಗ್ ಲೈಟ್ ಹಾಕು, ಕಂಡದ್ದು ಇಷ್ಟವಾಗದಿದ್ದರೆ ಆರಿಸು.

ಇರುಳುಹಕ್ಕಿ · ಬುಧವಾರ ಬೆಳಗ್ಗೆ 6:30

ಜೋಕು ಚೆನ್ನಾಗಿದೆ, ಆದರೆ ನಗು ಬರಲಿಲ್ಲ. ಒಂದೇ ಇಂಜಿನ್ ಇಟ್ಟುಕೊಂಡು ರಾತ್ರಿ ಹಾರೋ ಕೆಲಸ ನನ್ನದು. ಹಗಲಲ್ಲಿ ಎಷ್ಟೋ ಅಪಘಾತಗಳಲ್ಲಿ ಜನ ನಡೆದು ಹೊರಬರ್ತಾರೆ. ರಾತ್ರಿ ಹಾಗಲ್ಲ, ಅಪಘಾತವಾದರೆ ಸಾವಿನ ಪಾಲೇ ಹೆಚ್ಚು. ಎಲ್ಲಿ ಇಳಿಸೋದು ಅಂತ ಕಾಣೋಲ್ಲ, ಕೆಳಗೆ ಬಿದ್ದವರನ್ನು ಹುಡುಕೋದೂ ಕಷ್ಟ. ಅಮೆರಿಕದಲ್ಲಿ ಕಣ್ಣು ನಂಬಿ ಹಾರುವವರಿಗೆ ಹಗಲಲ್ಲಿ 30 ನಿಮಿಷದ ಮೀಸಲು ಇಂಧನ ಸಾಕು, ರಾತ್ರಿ 45 ನಿಮಿಷದ್ದು ಬೇಕು ಅಂತ ನಿಯಮ. ನಾನು ಒಂದು ಗಂಟೆಗೆ ಕಡಿಮೆ ಇಟ್ಟುಕೊಳ್ಳಲ್ಲ.

ಯಾರೂ ಎತ್ತದ ಒಂದು ವಿಷಯ ಹೇಳ್ತೀನಿ. ರಾತ್ರಿ ಲ್ಯಾಂಡಿಂಗ್‌ನ ಎಷ್ಟೋ ಅಪಘಾತಗಳು ಲ್ಯಾಂಡಿಂಗ್ ಅಂತ ಪಟ್ಟಿಗೇ ಬರಲ್ಲ. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನಡಿ ಜೂನಿಯರ್ ಪೈಪರ್ ಸಾರಟೋಗದಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಕಡೆ ಇಳೀತಾ ಬಂದರು. ಕೆಳಗೆ ಕಡಲು, ಮೇಲೆ ಮಬ್ಬು, ನಡುವೆ ದಿಗಂತದ ಗೆರೆಯೇ ಇಲ್ಲ. ಅವರಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ನೋಡದೆ ಮೀಟರ್‌ಗಳನ್ನಷ್ಟೇ ನಂಬಿ ಹಾರೋ ಅರ್ಹತೆ, ಇರಲಿಲ್ಲ. ದ್ವೀಪ ಇನ್ನೂ ಕೆಲವು ಮೈಲಿ ಇರುವಾಗ ವಿಮಾನ ತಿರುಗಿಕೊಂಡು ಸುಳಿಯ ಹಾಗೆ ಕಡಲಿಗೆ ಇಳಿಯಿತು. ಹೆಂಡತಿ ಮತ್ತು ಅವರ ಅಕ್ಕ ಸೇರಿ ಮೂವರೂ ಹೋದರು. ತನಿಖೆ ಹೇಳಿದ್ದು ದಿಕ್ಕು ತಪ್ಪಿದ ಭ್ರಮೆ ಅಂತ. ದಿಗಂತ ಇಲ್ಲದಿದ್ದರೆ ಒಳಕಿವಿ ಎಷ್ಟು ಬೇಗ ಮೋಸ ಮಾಡುತ್ತೆ ಗೊತ್ತಾ? 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 20 ಜನರನ್ನು ಹೊರಗಿನ ನೋಟ ಮುಚ್ಚಿ ಹಾರಿಸಿ ನೋಡಿದರು. ಹಿಡಿತ ತಪ್ಪೋಕೆ ಹಿಡಿದದ್ದು ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ.

ಪರದೆನಂಬಿದವ · ಬುಧವಾರ ಬೆಳಗ್ಗೆ 8:44

ಅದು ಲ್ಯಾಂಡಿಂಗ್ ಅಪಘಾತ ಅಲ್ಲವಲ್ಲ ಮೇಡಂ. ದಾರಿಯಲ್ಲೇ ಆದದ್ದು.

ಇರುಳುಹಕ್ಕಿ · ಬುಧವಾರ ಬೆಳಗ್ಗೆ 9:10

ಅದನ್ನೇ ನಾನು ಹೇಳ್ತಿರೋದು. ಚಕ್ರ ನೆಲ ಮುಟ್ಟುವಾಗ ಕೆಡುವುದು ಹೆಚ್ಚೆಂದರೆ ಪ್ರೊಪೆಲ್ಲರ್, ಮೂತಿಯ ಚಕ್ರ, ಆಮೇಲೆ ಮಾನ. ಜೀವ ಹೋಗುವುದು ಅದಕ್ಕೂ ಮೂರು ನಾಲ್ಕು ಮೈಲಿ ಹಿಂದೆ, ಎಲ್ಲ ಸರಿಯಾಗಿದೆ ಅನ್ನಿಸ್ತಿರುವಾಗ.

ಗೋ-ಅರೌಂಡ್ ಮಾಡುವವರಿಗೂ ಒಂದು ಎಚ್ಚರಿಕೆ. ಕತ್ತಲೆಯಲ್ಲಿ ಪೂರ್ತಿ ಪವರ್ ಕೊಟ್ಟಾಗ ವಿಮಾನ ಮುಂದಕ್ಕೆ ಜಿಗಿಯುತ್ತಲ್ಲ, ಒಳಕಿವಿ ಅದನ್ನು ಮೂತಿ ಮೇಲೆದ್ದಿದೆ ಅಂತ ಓದಿಕೊಳ್ಳುತ್ತೆ. ಕೈ ತಾನಾಗಿ ಮೂತಿಯನ್ನು ಕೆಳಕ್ಕೆ ತಳ್ಳುತ್ತೆ. 2000ದ ಆಗಸ್ಟ್ 23ರ ರಾತ್ರಿ ಬಹ್ರೇನ್‌ನಲ್ಲಿ ಗಲ್ಫ್ ಏರ್ ಎ320 ಹೀಗೆ ಗೋ-ಅರೌಂಡ್ ಮಾಡುವಾಗಲೇ ಕಡಲಿಗೆ ಬಿದ್ದು 143 ಜನ ಸತ್ತರು, ತನಿಖೆಯಲ್ಲಿ ಈ ಭ್ರಮೆಯ ಮಾತೂ ಬಂದಿತ್ತು. ಸಣ್ಣ ವಿಮಾನ ಅಲ್ಲ, ಗೊತ್ತು. ಕಿವಿ ಮಾತ್ರ ಎಲ್ಲರಿಗೂ ಒಂದೇ.

ಹೊಸರೆಕ್ಕೆ · ಬುಧವಾರ ರಾತ್ರಿ 8:30

ಓದ್ತಾ ಓದ್ತಾ ಬೆವರು ಬಂತು. ಹಾಗಾದರೆ ಪಾಪಿಯೂ ಇಲ್ಲದ, ಪರದೆಯೂ ಇಲ್ಲದ ಕಡೆ ಏನು ಹಿಡ್ಕೊಂಡು ಇಳಿಯೋದು?

ಹಳೇಮ್ಯಾಗ್ನೆಟೊ · ಬುಧವಾರ ರಾತ್ರಿ 9:15

ಲೆಕ್ಕ ಹಿಡ್ಕೊಂಡು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಮಾಡಿದವರು ವಿಮಾನ ಹಾರಿಸಿರಲಿಲ್ಲ, ಆದರೂ ನಮಗೇ ಹೇಳಿದ ಹಾಗಿದೆ.

3 ಡಿಗ್ರಿ ಇಳಿಜಾರು ಅಂದರೆ ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ರನ್‌ವೇಗೆ ಮೂರು ಮೈಲಿ ಇರುವಾಗ ಅದರ ಮಟ್ಟದಿಂದ 900 ಅಡಿ ಮೇಲಿರಬೇಕು, ಎರಡು ಮೈಲಿಗೆ 600, ಒಂದಕ್ಕೆ 300. ಮೈಲಿ ಗೊತ್ತಾಗೋಕೆ ದೂರ ಅಳೆಯುವ ಹಳೇ ರೇಡಿಯೊ ಉಪಕರಣ ಡಿಎಂಇ ಇದ್ದರೂ ಸಾಕು. ಆಲ್ಟಿಮೀಟರ್ ತೋರಿಸೋದು ಸಮುದ್ರಮಟ್ಟದಿಂದ, ರನ್‌ವೇಯ ಎತ್ತರ ಕೂಡಿಸಿಕೊಳ್ಳೋದು ಮರೀಬೇಡ. ಇಳಿಯುವ ವೇಗಕ್ಕೆ ಇನ್ನೂ ಸುಲಭ: ನೆಲದ ಮೇಲಿನ ವೇಗದ ಅರ್ಧ ತಗೊಂಡು ಮುಂದೆ ಒಂದು ಸೊನ್ನೆ ಹಾಕು. 70 ನಾಟ್ ಇದ್ದರೆ ನಿಮಿಷಕ್ಕೆ 350 ಅಡಿ. ಇಳಿಯುವ ವೇಗದ ಮುಳ್ಳು 700 ತೋರಿಸ್ತಿದ್ದರೆ ಕಣ್ಣು ಏನೇ ಹೇಳಲಿ, ನೀನು ಹಗ್ಗದ ಜೋಲಿನಲ್ಲಿದ್ದೀಯ.

ಇನ್ನೊಂದು ಗುರುತು. ರನ್‌ವೇಯ ಈಚೆ ತುದಿಯ ಹಸಿರು ದೀಪಗಳನ್ನೇ ನೋಡ್ತಿರು. ಅವು ಮಿಣಕ್ ಮಿಣಕ್ ಅಂತ ಆರಿ ಹತ್ತಿದರೆ ನಿನಗೂ ಅವಕ್ಕೂ ನಡುವೆ ಏನೋ ಇದೆ, ಗುಡ್ಡವೋ ಮರವೋ. ಆ ಕ್ಷಣ ಯೋಚನೆಗೆ ಕೂರಬೇಡ, ಪವರ್ ಕೊಡು.

ದೂರದಿಂದ ಉದ್ದಕ್ಕೆ ನೇರವಾಗಿ ಬರೋ ಆಸೆಯನ್ನೂ ಬಿಡು. ಏರ್‌ಫೀಲ್ಡ್ ಮೇಲೆ ಬಂದು, ಎತ್ತರದಲ್ಲೇ ಇದ್ದು, ಮಾಮೂಲಿ ಸರ್ಕ್ಯೂಟ್ ಹಾಕು. ಐದು ನಿಮಿಷ ಜಾಸ್ತಿ ಆಗುತ್ತೆ ಅಷ್ಟೇ.

ಪರದೆನಂಬಿದವ · ಬುಧವಾರ ರಾತ್ರಿ 9:32

ಸೊನ್ನೆ ಹಾಕೋ ಲೆಕ್ಕ ನನಗೆ ಗೊತ್ತಿರಲಿಲ್ಲ. ಬರೆದಿಟ್ಟುಕೊಂಡೆ.

ಹೊಸರೆಕ್ಕೆ · ಭಾನುವಾರ ರಾತ್ರಿ 10:50

ನಿನ್ನೆ ರಾತ್ರಿ ಅದೇ ಇನ್‌ಸ್ಟ್ರಕ್ಟರ್ ಜೊತೆ ಮತ್ತೆ ಹೋದೆ. ಪ್ರಯಾಣಿಕರನ್ನು ರಾತ್ರಿ ಕೂರಿಸಿಕೊಳ್ಳೋಕೆ ಅಮೆರಿಕದವರು 90 ದಿನದೊಳಗೆ ಪೂರ್ತಿ ನಿಲ್ಲಿಸಿದ 3 ಲ್ಯಾಂಡಿಂಗ್ ಕೇಳ್ತಾರಂತೆ. ನಮ್ಮವರು ನನ್ನಿಂದ ಆರು ಮಾಡಿಸಿದರು. ಬಲ್ಬು ಇಳಿದು ಹೋಗಿ ನೋಡಿದೆ, ಹತ್ತಿತ್ತು. ಟಾರ್ಚ್ ಎರಡಿತ್ತು, ಒಂದು ಉರುಳಿಯೇ ಹೋಯ್ತು.

ಮೊದಲ ಮೂರರಲ್ಲಿ ಮೈಲಿ ಮತ್ತು ಅಡಿ ಬಾಯಿಬಿಟ್ಟು ಹೇಳ್ತಾ ಬಂದೆ. ವಿಚಿತ್ರ ಏನಂದರೆ, ಲೆಕ್ಕ ಸರಿಯಿದ್ದಾಗಲೂ, ಎರಡು ಬಿಳಿ ಎರಡು ಕೆಂಪು ಕಾಣ್ತಿದ್ದಾಗಲೂ, ಎತ್ತರ ಜಾಸ್ತಿ ಅನ್ನೋ ಅನಿಸಿಕೆ ಹೋಗಲೇ ಇಲ್ಲ. ಪವರ್ ತೆಗೆಯೋಕೆ ಕೈ ತುರಿಸ್ತಿತ್ತು. ನಾಲ್ಕನೆಯದರಲ್ಲಿ ಬೇಗ ಫ್ಲೇರ್ ಮಾಡಿ (ನೆಲ ಮುಟ್ಟೋ ಮುಂಚೆ ಮೂತಿ ಎತ್ತೋದು) ದೊಪ್ಪನೆ ಕೂರಿಸಿದೆ. ರನ್‌ವೇ ಮೇಲಿನ ಕಪ್ಪು ಟೈರ್ ಗುರುತು ಲೈಟಿನಲ್ಲಿ ಸ್ಪಷ್ಟ ಕಾಣೋವರೆಗೂ ಕಾಯಿ ಅಂದರು. ಐದನೆಯದಕ್ಕೆ, ಫೈನಲ್‌ನಲ್ಲಿ ಮೂರು ಕೆಂಪು ಕಂಡದ್ದೇ ತಡ, ನಾನೇ ಥ್ರಾಟಲ್ ತಳ್ಳಿ ಗೋ-ಅರೌಂಡ್ ಹೊಡೆದೆ.

"ಮೂರು ಕೆಂಪಿಗೆ ಸ್ವಲ್ಪ ಪವರ್ ಸಾಕಿತ್ತಲ್ಲೋ" ಅಂದರು. ಆದರೆ ಬೈಯಲಿಲ್ಲ. ಆರನೆಯದಕ್ಕೆ ಅವರ ಕೈ ಅವರ ತೊಡೆಯ ಮೇಲೇ ಇತ್ತು.